ಮಂಡಿ ತಿರುಚಿಕೊಂಡ ತಮ್ಮನಿಗೆ, ಲೀಡ್ಸಿನಿಂದ

ತಮ್ಮಾ, ನೀನು ಅಕ್ಕಾ ಎಂದು ಕರೆದು ಬರೆದಿರುವುದರಿಂದ ನಾನೂ ಬಹುವಚನ ಬಿಟ್ಟೇ ಬರೆಯುತ್ತೇನೆ. ಇಂಗ್ಲೆಂಡಿನ ಶೆಫೀಲ್ಡಿಗೆ ಓದಲು ಬಂದು ಇನ್ನೂ ಒಂದು ಚಳಿಗಾಲ ಕಳೆದಿಲ್ಲ, ಅಷ್ಟರಲ್ಲಿ ಬ್ಯಾಡ್ಮಿಂಟನ್ ಆಡುವಾಗ ಹಾರಿ ಇಳಿದ ಗಳಿಗೆಯಲ್ಲಿ ಮಂಡಿ ಒಳಕ್ಕೆ ತಿರುಚಿ ಟಪ್ ಎಂದಿತು, ರೂಮು ಸೇರುವಷ್ಟರಲ್ಲಿ ಊದಿಕೊಂಡಿತು ಎಂದಿದ್ದೀಯ. ತುರ್ತು ವಿಭಾಗದಲ್ಲಿ ಎಕ್ಸ್-ರೇ ತೆಗೆದು, ಮೂಳೆ ಮುರಿದಿಲ್ಲ ಎಂದು ಹೇಳಿ, ಊರುಗೋಲು ಕೊಟ್ಟು ಕಳುಹಿಸಿದರು. ಎಂಆರ್‌ಐ ಯಾವಾಗ ಎಂದರೆ ನೇರ ಉತ್ತರವಿಲ್ಲ. ಮನೆಯವರು ಬೆಂಗಳೂರಿಗೆ ಬಂದುಬಿಡು ಎನ್ನುತ್ತಿದ್ದಾರೆ. ಈ ದೇಶದಲ್ಲಿ ರೋಗಿಯನ್ನು ಹೀಗೇ ಕೈಬಿಡುತ್ತಾರೆಯೇ ಎಂಬುದು ನಿನ್ನ ಪ್ರಶ್ನೆ.

ಕೈಬಿಟ್ಟಿಲ್ಲ. ಇಲ್ಲಿನ ನಿಧಾನದಲ್ಲಿ ಅರ್ಧಭಾಗ ವೈದ್ಯಕೀಯವಾಗಿ ಸರಿಯಾದದ್ದು, ಇನ್ನರ್ಧ ಬರಿಯ ಸರದಿಯ ಸಾಲು. ಎರಡನ್ನೂ ಬೇರೆ ಮಾಡಿ ನೋಡುವುದನ್ನು ನೀನು ಕಲಿಯಬೇಕು. ನಾನು ವೈದ್ಯೆಯಲ್ಲ. ನನ್ನ ಎಡಮಂಡಿಯ ಎಸಿಎಲ್ (ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಬಿಗಿದಿಡುವ ಒಂದು ಲಿಗಮೆಂಟು, ಅಂದರೆ ಗಟ್ಟಿ ಪಟ್ಟಿ) ಇಲ್ಲಿಯೇ ಶಸ್ತ್ರಚಿಕಿತ್ಸೆಯಾಗಿ ಸರಿಹೋಯಿತು, ನನ್ನ ಯಜಮಾನರ ಹರಿದ ಮೆನಿಸ್ಕಸ್ (ಆ ಎರಡು ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ) ಇಲ್ಲಿಯೇ ಕತ್ತರಿ ತಾಗದೆ ಸರಿಹೋಯಿತು. ಆ ಅನುಭವ, ಆಗ ಓದಿಕೊಂಡದ್ದು, ಎರಡರ ಬಲದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಎಕ್ಸ್-ರೇ ವಿಷಯ. ಅದರಲ್ಲಿ ಕಾಣುವುದು ಮೂಳೆ ಮಾತ್ರ. ಲಿಗಮೆಂಟಾಗಲಿ ಮೆನಿಸ್ಕಸ್ಸಾಗಲಿ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ‘ಎಕ್ಸ್-ರೇ ನಾರ್ಮಲ್’ ಎಂದರೆ ಮಂಡಿ ಸರಿಯಿದೆ ಎಂದಲ್ಲ. ನೀನು ಬರೆದ ಎರಡು ವಿವರಗಳೇ ನನಗೆ ಹೆಚ್ಚು ಹೇಳುತ್ತವೆ: ಟಪ್ ಎಂಬ ಸದ್ದು, ಮತ್ತು ಒಂದೆರಡು ಗಂಟೆಯೊಳಗೆ ಬಂದ ಊತ. ಅಷ್ಟು ಬೇಗ ಊದಿತೆಂದರೆ ಕೀಲಿನೊಳಗೆ ರಕ್ತ ತುಂಬಿದೆ ಎಂದೇ ಸಾಮಾನ್ಯವಾಗಿ ಅರ್ಥ, ಮತ್ತು ಮೂಳೆ ಮುರಿಯದೆ ರಕ್ತ ತುಂಬಿದ್ದರೆ ಎಸಿಎಲ್ ಹರಿದಿರುವ ಸಾಧ್ಯತೆಯೇ ಹೆಚ್ಚು. ಮೆನಿಸ್ಕಸ್ ಒಂದೇ ಹರಿದಾಗ ಊತ ಸಾಮಾನ್ಯವಾಗಿ ಮಾರನೆಯ ದಿನಕ್ಕೆ ಏರುತ್ತದೆ. ಎರಡೂ ಒಟ್ಟಿಗೆ ಹರಿಯುವುದೂ ಅಪರೂಪವಲ್ಲ.

ಇದನ್ನು ಪತ್ತೆ ಹಚ್ಚುವ ಮೊದಲ ಸಾಧನ ಯಂತ್ರವಲ್ಲ, ನುರಿತವರ ಕೈ. ಮಂಡಿಯನ್ನು 20ರಿಂದ 30 ಡಿಗ್ರಿಯಷ್ಟು ಮಡಿಸಿ, ತೊಡೆಯನ್ನು ಹಿಡಿದು, ಮೊಣಕಾಲಿನ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತಾರೆ. ಎಳೆತ ಗಟ್ಟಿಯಾಗಿ ನಿಲ್ಲದೆ ಜಾರಿದರೆ ಎಸಿಎಲ್ ಹೋಗಿದೆ ಎಂದು ಅನುಮಾನ. ಇದು ಲಾಕ್‌ಮನ್ ಪರೀಕ್ಷೆ. ಮೆನಿಸ್ಕಸ್ಸಿಗೆ ಮಂಡಿಯ ಸಂದಿಯ ಗೆರೆಯುದ್ದಕ್ಕೂ ಒತ್ತಿ ನೋಡುತ್ತಾರೆ, ಕಾಲನ್ನು ಮಡಿಸಿ ತಿರುಗಿಸಿ ನೋಡುತ್ತಾರೆ. ಆದರೆ ಊತವೂ ನೋವೂ ತುಂಬಿರುವ ಮೊದಲ ದಿನಗಳಲ್ಲಿ ತೊಡೆಯ ಸ್ನಾಯುಗಳು ತಾವಾಗಿಯೇ ಬಿಗಿಹಿಡಿಯುತ್ತವೆ, ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ಒಂದೆರಡು ವಾರದ ನಂತರ ಮತ್ತೆ ಬಾ ಎನ್ನುವುದಕ್ಕೆ ಇದೇ ಕಾರಣ. ಆ ಎರಡನೆಯ ಭೇಟಿಯನ್ನು ಮಾತ್ರ ಬಿಡಬೇಡ. ಮಂಡಿಯ ಗಾಯ ಕಣ್ಣು ತಪ್ಪಿಸುವುದು ಅಲ್ಲಿಯೇ: ಊತ ಇಳಿಯುತ್ತದೆ, ನಡೆಯಲು ಬರುತ್ತದೆ, ಸರಿಹೋಯಿತು ಎಂದುಕೊಂಡು ಮತ್ತೆ ಆಟಕ್ಕಿಳಿಯುತ್ತಾರೆ, ಮಂಡಿ ಕೈಕೊಡುತ್ತದೆ. ಹಾಗೆ ಕೈಕೊಟ್ಟಾಗಲೆಲ್ಲ ಉಳಿದಿರುವ ಮೆನಿಸ್ಕಸ್ಸೂ ಹರಿಯುವ ಅಪಾಯವಿದೆ.

ಕಾಯಬಾರದ ಸಂದರ್ಭಗಳನ್ನೂ ಹೇಳಿಬಿಡುತ್ತೇನೆ. ಮಂಡಿ ಸಿಕ್ಕಿಹಾಕಿಕೊಂಡು ಪೂರ್ತಿ ನೇರವಾಗದಿದ್ದರೆ, ಹರಿದ ಮೆನಿಸ್ಕಸ್ಸಿನ ತುಂಡು ಕೀಲಿನ ನಡುವೆ ಸಿಲುಕಿರಬಹುದು. ಅದನ್ನು ಬೇಗ ಹೊಲಿದರೆ ಉಳಿಸಿಕೊಳ್ಳಬಹುದು, ತಡವಾದರೆ ಕತ್ತರಿಸಿ ತೆಗೆಯಬೇಕಾದೀತು. ಜ್ವರ ಬಂದು ಮಂಡಿ ಕೆಂಪಗೆ ಬಿಸಿಯಾದರೆ, ಪಾದ ತಣ್ಣಗಾಗಿ ಜೋಮು ಹಿಡಿದರೆ, ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಆ ದಿನವೇ ತುರ್ತು ವಿಭಾಗಕ್ಕೆ ಹೋಗು. ಉಸಿರಾಟಕ್ಕೆ ತೊಂದರೆಯಾದರೆ 999ಕ್ಕೆ ಕರೆ ಮಾಡು.

ಎಸಿಎಲ್ ಹರಿದಿದೆ ಎಂದಾದರೂ ನಾಳೆಯೇ ಶಸ್ತ್ರಚಿಕಿತ್ಸೆ ಆಗಬೇಕಿಲ್ಲ. ಊತ ಇಳಿದು, ಮಂಡಿ ಪೂರ್ತಿ ನೇರವಾಗಿ, ತೊಡೆಗೆ ಬಲ ಬಂದ ಮೇಲೆ ಮಾಡಿದರೇ ಒಳ್ಳೆಯದು. ಅವಸರಪಟ್ಟರೆ ಕೀಲು ಬಿಗಿದುಕೊಳ್ಳುವ ಭಯವಿದೆ. ಸ್ವೀಡನ್ನಿನಲ್ಲಿ ಎಸಿಎಲ್ ಹರಿದುಕೊಂಡ 121 ಯುವಜನರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ, ಮೊದಲು ವ್ಯಾಯಾಮ ಮಾಡಿ ಬೇಕೆನಿಸಿದರೆ ಮಾತ್ರ ಮಾಡಿಸಿಕೊಂಡವರಿಗೂ ಎರಡು ವರ್ಷದ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯಾಯಾಮದ ಗುಂಪಿನ 59 ಮಂದಿಯಲ್ಲಿ ಅಷ್ಟರೊಳಗೆ ಶಸ್ತ್ರಚಿಕಿತ್ಸೆ ಬೇಕಾದದ್ದು 23 ಮಂದಿಗೆ. ಆದರೆ 2022ರಲ್ಲಿ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ, ಎಸಿಎಲ್ ಹರಿದು ಕಾಲ ಕಳೆದು ಮಂಡಿ ಇನ್ನೂ ಕೈಕೊಡುತ್ತಿದ್ದ 316 ಮಂದಿಯ ಅಧ್ಯಯನ ಬಂದಾಗ ಶಸ್ತ್ರಚಿಕಿತ್ಸೆಯೇ ಮೇಲು ಎಂದು ಕಂಡಿತು. ಎರಡನ್ನೂ ಸೇರಿಸಿ ಓದಿದರೆ ನಿನಗೆ ಸಿಗುವ ದಾರಿ ಇದು: ಈಗ ಮನಸ್ಸಿಟ್ಟು ವ್ಯಾಯಾಮ ಮಾಡು, ಮಂಡಿ ಕೈಕೊಡುತ್ತಲೇ ಇದ್ದರೆ ಶಸ್ತ್ರಚಿಕಿತ್ಸೆಗಾಗಿ ಪಟ್ಟುಹಿಡಿ.

ಮೆನಿಸ್ಕಸ್ಸಿನ ಕತೆ ವಯಸ್ಸಿನ ಮೇಲೂ ಹರಿದ ಜಾಗದ ಮೇಲೂ ನಿಂತಿದೆ. ಅದರ ಹೊರ ಅಂಚಿಗೆ ರಕ್ತಸಂಚಾರ ಇರುವುದರಿಂದ ಹೊಲಿದರೆ ಕೂಡಿಕೊಳ್ಳುತ್ತದೆ, ಒಳ ಅಂಚಿಗೆ ಅದಿಲ್ಲ. ಐವತ್ತು ದಾಟಿದ ನಮ್ಮ ಯಜಮಾನರದು ಸವೆದು ಹರಿದದ್ದು. ಅಂಥವರಿಗೆ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಗೂ ತೋರಿಕೆಯ ಶಸ್ತ್ರಚಿಕಿತ್ಸೆಗೂ (ಮೆನಿಸ್ಕಸ್ಸನ್ನು ಕತ್ತರಿಸದೆ, ಕತ್ತರಿಸಿದಂತೆ ತೋರಿಸುವುದು) ಭೇದವಿಲ್ಲ ಎಂದು ಫಿನ್ಲೆಂಡಿನವರು 2013ರಲ್ಲಿಯೇ ತೋರಿಸಿದ್ದಾರೆ. ನಿನ್ನ ವಯಸ್ಸಿನಲ್ಲಿ ಲೆಕ್ಕ ಬೇರೆ, ಹೊಲಿಯಲು ಬರುವುದನ್ನು ಹೊಲಿದು ಉಳಿಸಿಕೊಳ್ಳಲೇಬೇಕು. ಮಂಡಿಯ ಒಳಬದಿಯ ಲಿಗಮೆಂಟ್ ಮಾತ್ರ ಹರಿದಿದ್ದರೆ ಚಿಂತೆ ಬೇಡ, ಪಟ್ಟಿ ಕಟ್ಟಿಕೊಂಡು ವಾರಗಟ್ಟಲೆ ಜೋಪಾನ ಮಾಡಿದರೆ ಅದು ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ.

ಇನ್ನು ಸರದಿಯ ಸಾಲು. ವೀಸಾದ ಜೊತೆಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿ ಬಂದಿದ್ದೀಯ, ಆದ್ದರಿಂದ ಸಂಕೋಚ ಬೇಡ. ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರ ಬಳಿ ಇನ್ನೂ ಹೆಸರು ನೋಂದಾಯಿಸದಿದ್ದರೆ ಇವತ್ತೇ ಮಾಡು. ಎಷ್ಟೋ ಜಿಪಿ ಕೇಂದ್ರಗಳಲ್ಲಿ ಫಿಸಿಯೋಥೆರಪಿಸ್ಟರನ್ನು ನೇರವಾಗಿ ಕಾಣಬಹುದು. ವೈದ್ಯರು ಹೇಗಿದ್ದೀರಿ ಎಂದರೆ ನಮ್ಮವರು ಮರ್ಯಾದೆಗೆ ಪರವಾಗಿಲ್ಲ ಎನ್ನುತ್ತಾರೆ. ಇಲ್ಲಿ ಅದನ್ನೇ ಬರೆದುಕೊಳ್ಳುತ್ತಾರೆ! ಸಮಯ ಹತ್ತು ನಿಮಿಷ ಮಾತ್ರ. ಸದ್ದು ಬಂದದ್ದು, ಎಷ್ಟು ಹೊತ್ತಿಗೆ ಊದಿತು, ಮಂಡಿ ಎಷ್ಟು ಬಾರಿ ಕೈಕೊಟ್ಟಿತು, ಮೆಟ್ಟಿಲಿಳಿಯಲು ಆಗುತ್ತದೆಯೇ, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದು. ಎಸಿಎಲ್ ಹರಿದಿರುವ ಅನುಮಾನವಿದೆ, ಮಂಡಿ ಕ್ಲಿನಿಕ್ಕಿಗೆ ಕಳುಹಿಸಿ ಎಂದು ಬಾಯಿಬಿಟ್ಟು ಕೇಳು. ಇಂಗ್ಲೆಂಡಿನಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಆರಿಸುವ ಹಕ್ಕು ನಿನಗಿದೆ, ಸಾಲು ಚಿಕ್ಕದಿರುವ ಕಡೆಗೆ ಕೇಳಿಕೊಳ್ಳಬಹುದು. ಯಾರಾದರೂ ಸಮಯ ರದ್ದು ಮಾಡಿದರೆ ನನ್ನನ್ನು ಕರೆಯಿರಿ ಎಂದು ಆಸ್ಪತ್ರೆಯ ಕಚೇರಿಗೆ ಫೋನ್ ಮಾಡಿ ಹೇಳಿಡು. ನನಗೆ ಬೇಗ ಸಮಯ ಸಿಕ್ಕಿದ್ದು ಹಾಗೆಯೇ. ಅರೆಕಾಲಿಕ ಕೆಲಸಕ್ಕೆ ಏಳು ದಿನದವರೆಗೆ ನೀನೇ ರೋಗರಜೆ ಬರೆದುಕೊಡಬಹುದು, ಆಮೇಲೆ ವೈದ್ಯರ ಅಥವಾ ಫಿಸಿಯೋ ಅವರ ಪತ್ರ ಬೇಕು.

ಬೆಂಗಳೂರಿನಲ್ಲಿ ಎಂಆರ್‌ಐ ಬೇಗ ಸಿಗುತ್ತದೆ, ನುರಿತ ಶಸ್ತ್ರಚಿಕಿತ್ಸಕರಿಗೆ ಕೊರತೆಯಿಲ್ಲ. ಅದರಲ್ಲಿ ನಿನ್ನ ಮನೆಯವರ ಮಾತು ನಿಜ. ಆದರೆ ಶಸ್ತ್ರಚಿಕಿತ್ಸೆ ಎಂಬುದು ಒಂದು ಬೆಳಗ್ಗೆಯ ಕೆಲಸ. ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ತೆಗೆದು ಹರಿದ ಎಸಿಎಲ್ ಜಾಗಕ್ಕೆ ಕಸಿ ಮಾಡಿದ ಸ್ನಾಯುರಜ್ಜು ಲಿಗಮೆಂಟಾಗಿ ಪಕ್ವವಾಗಲು ತಿಂಗಳುಗಳು ಬೇಕು. ಒಂಬತ್ತು ತಿಂಗಳ ಒಳಗೆ ಆಟಕ್ಕಿಳಿದವರಲ್ಲಿ ಮತ್ತೆ ಗಾಯವಾಗುವುದು ಹೆಚ್ಚು. ಆ ಒಂಬತ್ತು ತಿಂಗಳು ಎಲ್ಲಿರುತ್ತೀಯೋ ಅಲ್ಲಿಯೇ ಶಸ್ತ್ರಚಿಕಿತ್ಸೆ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನಲ್ಲಿ ಮಾಡಿಸಿಕೊಂಡು ಬೇಗನೆ ದೀರ್ಘ ವಿಮಾನಯಾನ ಮಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ವಿಶ್ವವಿದ್ಯಾಲಯಕ್ಕೆ ತಿಳಿಸದೆ ವಾರಗಟ್ಟಲೆ ಗೈರಾದರೆ ವೀಸಾಕ್ಕೇ ಕುತ್ತು. ಕೋರ್ಸು ಮುಗಿಸಿ ಊರಿಗೇ ಮರಳುವ ಯೋಚನೆ ಇದ್ದರೆ ಮಾತ್ರ, ಇಲ್ಲಿ ವ್ಯಾಯಾಮ ಮಾಡುತ್ತಾ ಓದು ಮುಗಿಸಿ ಅಲ್ಲಿಗೆ ಹೋಗಿ ಮಾಡಿಸಿಕೊಳ್ಳುವುದು ನ್ಯಾಯ.

ಅಮ್ಮ ಬಿಸಿ ಎಣ್ಣೆ ತಿಕ್ಕಿ ಉಳುಕು ತೆಗೆಸು ಎಂದಿದ್ದಾರೆ ಎಂದು ಬರೆದಿದ್ದೀಯ. ಸದ್ಯಕ್ಕೆ ಬೇಡವೇ ಬೇಡ. ಮೊದಲ ದಿನಗಳಲ್ಲಿ ಶಾಖ ಕೊಟ್ಟು ತಿಕ್ಕಿದರೆ ಊತ ಇನ್ನೂ ಏರುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್, ಕಾಲೆತ್ತಿ ಮಲಗುವುದು, ಮಂಡಿಯನ್ನು ನೆಲಕ್ಕೊತ್ತಿ ತೊಡೆಯನ್ನು ಬಿಗಿಹಿಡಿಯುವ ವ್ಯಾಯಾಮ, ಇಷ್ಟು ಸಾಕು. ಅವರಿಗೆ ಗಾಬರಿಯಾಗಿರುವುದು ಸಹಜ. ಅವರ ನಂಬರ್ ನನಗೆ ಕಳುಹಿಸು, ಭಾನುವಾರ ನಾನೇ ಫೋನ್ ಮಾಡಿ ಮಾತನಾಡುತ್ತೇನೆ. ಜಿಪಿ ಏನೆಂದರು ಎಂಬುದನ್ನೂ ಬರೆ.