ಪಾಲು ಕೇಳಿದರೆ ಹಾಲು ಕೊಡಿ

ಪ್ರಶ್ನೆ: ನನ್ನ ತವರು ಕೊಪ್ಪಳದ ಕಡೆ, ಕೊಟ್ಟಿದ್ದು ಬಳ್ಳಾರಿಗೆ. ಗಂಡನ ಮನೆಯಲ್ಲಿ ಎಲ್ಲರೂ ತೆಲುಗು, ನಾನೊಬ್ಬಳೇ ಕನ್ನಡ. ಎರಡೂವರೆ ವರ್ಷದ ಮಗಳು ‘ಅಮ್ಮಾ, ಪಾಲು ಬೇಕು’ ಅನ್ನುತ್ತಾಳೆ, ತೆಲುಗಲ್ಲಿ ಪಾಲು ಅಂದರೆ ಹಾಲು. ಕನ್ನಡದಲ್ಲಿ ಕೇಳಿದರೆ ತೆಲುಗಲ್ಲಿ ಉತ್ತರ ಕೊಡುತ್ತಾಳೆ. ಓಣಿಯವರು, ‘ಹೆಂಗೂ ಇಂಗ್ಲಿಷ್ ಮೀಡಿಯಂಗೆ ಹಾಕ್ತೀರಿ, ಈಗಿಂದಲೇ ಇಂಗ್ಲಿಷ್ ಮಾತಾಡ್ರಿ, ಭಾಷೆ ಜಾಸ್ತಿ ಆದ್ರೆ ಮಾತೇ ತಡ ಆಗ್ತದ’ ಅಂತಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಏನು ಮಾಡಲಿ?
– ಒಬ್ಬ ತಾಯಿ, ಬಳ್ಳಾರಿ

ಉತ್ತರ: ಕನ್ನಡ ಬಿಡಬೇಡಿ. ಇಷ್ಟಕ್ಕೇ ಮುಗಿಸಬಹುದಿತ್ತು, ಆದರೆ ನೀವು ಓಣಿಯವರಿಗೂ ಉತ್ತರ ಹೇಳಬೇಕಲ್ವಾ?

ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ಕನ್ನಡದ ಐವತ್ತು ಪದ, ತೆಲುಗಿನ ಐವತ್ತು ಪದ ಬಂದರೆ ಮಗುವಿನ ಲೆಕ್ಕ ನೂರು. ಜನ ಒಂದು ಭಾಷೆಯದ್ದಷ್ಟೇ ಎಣಿಸಿ ಸುಮ್ನೆ ಗಾಬರಿಯಾಗುತ್ತಾರೆ. ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲೂ ಎರಡು ಪದ ಜೋಡಿಸದಿದ್ದರೆ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಬೇಕು. ನಿಮ್ಮ ಮಗಳು ಜೋಡಿಸಿಯೇ ಬಿಟ್ಟಿದ್ದಾಳೆ, ಒಂದು ತೆಲುಗು ಒಂದು ಕನ್ನಡ! ಬಳ್ಳಾರಿಗೆ ಇದೇನು ಹೊಸದೇ? 1953ರಲ್ಲಿ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಆದರೂ ಇವತ್ತಿಗೂ ಅಂಗಡಿ ಮುಂದೆ ನಿಂತರೆ ತೆಲುಗಲ್ಲಿ ಶುರುವಾದ ಚೌಕಾಸಿ ಕನ್ನಡದಲ್ಲಿ ಮುಗಿಯುವುದು ಕೇಳುತ್ತದೆ.

‘ಪಾಲು ಬೇಕು’ ಅಂದಾಗ ‘ಹಾಲು ಅನ್ನು, ಆಮೇಲೆ ಕೊಡ್ತೀನಿ’ ಅನ್ನಬೇಡಿ. ಹಸಿದ ಮಗುವಿಗೆ ಪರೀಕ್ಷೆ ಇಡುವುದು ಯಾಕೆ? ‘ಹಾಲು ಬೇಕಾ? ಬಿಸಿ ಹಾಲು ಕೊಡ್ಲಾ?’ ಅಂತ ಕೊಟ್ಟುಬಿಡಿ, ಸರಿಯಾದ ಪದ ಕಿವಿಗೆ ಬಿತ್ತು. ಅಂದಹಾಗೆ ಹಳಗನ್ನಡದಲ್ಲೂ ಅದು ಪಾಲೇ, ‘ಪ’ ಬಿಟ್ಟು ‘ಹ’ ಹಿಡಿದವರು ನಾವು. ತೆಲುಗಿನ ಪುಲಿ ನಮ್ಮ ಹುಲಿ, ಹಾಗೇ ಪಂದಿ–ಹಂದಿ, ಪಾಮು–ಹಾವು. ಸ್ವಲ್ಪ ದೊಡ್ಡವಳಾದ ಮೇಲೆ ಇದನ್ನೇ ಆಟ ಮಾಡಿ, ಅತ್ತೆ ಒಂದು ಅಂದರೆ ನೀವು ಇನ್ನೊಂದು.

ತೆಲುಗಲ್ಲಿ ಉತ್ತರ ಯಾಕೆ ಬರುತ್ತದೆ ಅಂದರೆ ಅದು ನಾಲ್ಕು ಬಾಯಿಂದ ಕೇಳುತ್ತದೆ, ಕನ್ನಡ ನಿಮ್ಮೊಬ್ಬರಿಂದ. ಕನ್ನಡದ ಬಾಯಿ ಜಾಸ್ತಿ ಮಾಡಿ. ತವರಿಗೆ ಫೋನ್ ಮಾಡಿದಾಗ ಅವಳ ಕೈಗೂ ಕೊಡಿ, ಹಬ್ಬಕ್ಕೆ ಹೋದರೆ ಎರಡು ದಿನಕ್ಕೆ ಓಡಿ ಬರದೆ ಹತ್ತು ದಿನ ಇರಿ, ಅಲ್ಲಿನ ಹುಡುಗರ ಜೊತೆ ಜಗಳವಾಡಬೇಕಾದರೆ ಕನ್ನಡ ತಾನಾಗಿ ಹೊರಗೆ ಬರುತ್ತದೆ. ಮನೆಯಲ್ಲಿ ಕೂರಿಸಿ ಕಲಿಸುವುದೇನೂ ಬೇಡ, ಮಂಡಕ್ಕಿ ನೆನೆಸುವಾಗ, ಉಳ್ಳಾಗಡ್ಡಿ ಹೆಚ್ಚುವಾಗ, ತಲೆ ಬಾಚುವಾಗ ಬಾಯಿ ಆಡುತ್ತಿರಲಿ. ಆ ಮಂಡಕ್ಕಿ ತಿಂಡಿಗೆ ನೀವು ಒಗ್ಗರಣಿ ಅಂದದ್ದನ್ನೇ ಅತ್ತೆ ಉಗ್ಗಾಣಿ ಅಂದರೆ ಅನ್ನಲಿ ಬಿಡಿ, ಅವರ ತೆಲುಗು ನಿಲ್ಲಿಸಲು ಹೋಗಬೇಡಿ.

ಇಂಗ್ಲಿಷ್ ಶಾಲೆಯಲ್ಲಿ ಬರುತ್ತದೆ. ಬಾರದ ಇಂಗ್ಲಿಷಲ್ಲಿ ನೀವು ದಿನಕ್ಕೆ ಇಪ್ಪತ್ತು ಮಾತಾಡುತ್ತೀರಿ, ಕನ್ನಡದಲ್ಲಾದರೆ ಸಾವಿರ. ಬೈಯೋಕಾದರೂ ಸಲೀಸಾದ ಭಾಷೆ ಬೇಕಲ್ಲ!

ಪ್ರಶ್ನೆ: ನಾಲ್ಕು ವರ್ಷದ ಮಗ ಮೊಬೈಲಲ್ಲಿ ಇಂಗ್ಲಿಷ್ ರೈಮ್ಸ್ ನೋಡುತ್ತಾನೆ. ಭಾಷೆ ಬರುತ್ತಾ?
– ಸಿಂಧನೂರಿನ ಓದುಗರು

ಉತ್ತರ: ಹಾಡು ಬರುತ್ತದೆ, ಮಾತು ಬರುವುದು ಕಡಿಮೆ. ಮೊಬೈಲ್ ಇವನ ಮಾತಿಗೆ ತಿರುಗಿ ಉತ್ತರ ಕೊಡುವುದಿಲ್ಲವಲ್ಲ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಒಂದು ಗಂಟೆಯೂ ಪಕ್ಕದಲ್ಲಿ ಕೂತು ‘ಆನೆ ಎಲ್ಲಿ? ಏನು ತಿಂತಿದೆ?’ ಅಂತ ಕೇಳುತ್ತಿರಿ, ಯಾವ ಭಾಷೆಯಲ್ಲಾದರೂ ಸರಿ.