ಕೇಳಿ ತಿಳಿಯಿರಿ: ರೊಮಾ ಮಕ್ಕಳ ಕೇಸು, ನಮ್ಮೂರ ನೋಟಿಸು

ಪ್ರಶ್ನೆ: ಯುರೋಪಿನಲ್ಲಿ ತಾರತಮ್ಯಕ್ಕೊಳಗಾದ ರೊಮಾ ಎಂಬ ಜನಾಂಗದ ಕುಟುಂಬಗಳು ತಮ್ಮ ಸರ್ಕಾರದ ಮೇಲೇ ಅಂತರರಾಷ್ಟ್ರೀಯ ಕೋರ್ಟಿನಲ್ಲಿ ಗೆದ್ದದ್ದು ಹೇಗೆ? ನಮ್ಮ ಅಲೆಮಾರಿ ಗುಡಿಸಲಿನವರೂ ಅಲ್ಲಿಗೆ ಹೋಗಬಹುದೇ?
– ಓದುಗರು, ಗಂಗಾವತಿ

ಉತ್ತರ: ಹೋಗಲು ಬರುವುದಿಲ್ಲ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಕೇಳುವುದು ಯುರೋಪಿನ ಮಾನವ ಹಕ್ಕುಗಳ ಒಪ್ಪಂದಕ್ಕೆ ಸೇರಿದ 46 ದೇಶಗಳ ಮೇಲಿನ ದೂರು ಮಾತ್ರ.

ಝೆಕ್ ದೇಶದ ಓಸ್ತ್ರಾವಾ ಪ್ರಕರಣ ನೋಡಿ. ಊರಿನ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ರೊಮಾ ಮಕ್ಕಳು ಶೇ. 2.26, ಬುದ್ಧಿ ಸಾಲದವರಿಗೆಂದು ಇದ್ದ ವಿಶೇಷ ಶಾಲೆಗಳಲ್ಲಿ ಶೇ. 56! ತಂದೆತಾಯಿ ಒಪ್ಪಿ ಸಹಿ ಮಾಡಿದ್ದಾರಲ್ಲ ಎಂದು ಸರ್ಕಾರ ವಾದಿಸಿತು. ಇದು ತಾರತಮ್ಯ ಎಂದು 18 ಮಕ್ಕಳ ಪರವಾಗಿ 2000ದಲ್ಲಿ ಸ್ಟ್ರಾಸ್‌ಬರ್ಗ್‌ಗೆ ಅರ್ಜಿ ಹೋಯಿತು. 2006ರಲ್ಲಿ ಸೋಲು, 2007ರಲ್ಲಿ 17 ನ್ಯಾಯಮೂರ್ತಿಗಳ ಮಹಾಪೀಠದಲ್ಲಿ 13–4ರ ಗೆಲುವು. ಪರಿಣಾಮ ತಿಳಿಯದೆ ಹಾಕಿದ ಸಹಿ ಒಪ್ಪಿಗೆಯಲ್ಲ, ಅದೂ ಅಲ್ಲದೆ ತಾರತಮ್ಯಕ್ಕೆ ಯಾರೂ ಸಹಿ ಹಾಕಿಕೊಡಲು ಬರುವುದಿಲ್ಲ ಎಂದಿತು ಪೀಠ. ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಕಂಡವರಿಗೆ ಈ ಮಾತಿನ ತೂಕ ಗೊತ್ತು.

ಅಲ್ಲಿ ಶುಲ್ಕವಿಲ್ಲ, ಅರ್ಜಿ ಹಾಕಲು ವಕೀಲರೂ ಬೇಕಿಲ್ಲ. ಸರ್ಕಾರಕ್ಕೆ ನೋಟಿಸ್ ಹೋದ ಮೇಲೆ ಬೇಕು. ಆದರೆ ಮೊದಲು ಸ್ವದೇಶದ ಕೋರ್ಟುಗಳನ್ನು ಕೊನೆಯ ಮೆಟ್ಟಿಲವರೆಗೆ ಹತ್ತಿರಬೇಕು, ಅದೇ ದೂರನ್ನು ಅಲ್ಲೂ ಎತ್ತಿರಬೇಕು. ಕೊನೆಯ ತೀರ್ಪಿನಿಂದ ನಾಲ್ಕು ತಿಂಗಳೊಳಗೆ (2022ರ ಫೆಬ್ರವರಿಗೆ ಮುಂಚೆ ಆರು) ಭರ್ತಿ ಮಾಡಿದ ನಮೂನೆ, ಅಸಲು ಸಹಿ, ತೀರ್ಪುಗಳ ನಕಲು ಅಂಚೆಗೆ ಬೀಳಬೇಕು. ಬಹಳ ಜನ ಎಡವುವುದು ಇಲ್ಲೇ: ನಮೂನೆ ಅರ್ಧಂಬರ್ಧ ಇದ್ದರೆ ಅದನ್ನು ಅರ್ಜಿ ಎಂದೇ ಎಣಿಸುವುದಿಲ್ಲ, ದಿನಗಳು ಮಾತ್ರ ಓಡುತ್ತಲೇ ಇರುತ್ತವೆ.

ಪ್ರಶ್ನೆ: ಗುಡಿಸಲು ತೆರವಿಗೆ ನೋಟಿಸ್ ಬಂದರೆ ನಮಗಿರುವ ದಾರಿ?
– ಓದುಗರು, ಮಾನ್ವಿ

ಉತ್ತರ: ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್, ಅಂದರೆ ಸರ್ಕಾರದ ಕ್ರಮವನ್ನು ಪ್ರಶ್ನಿಸುವ ಅರ್ಜಿ. ರಾಯಚೂರಿನವರಿಗೆ ಕಲಬುರಗಿ ಪೀಠ, ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ; ಜಾತಿ ಪ್ರಮಾಣಪತ್ರ ಕೈಯಲ್ಲಿರಲಿ. ನೋಟಿಸ್ ಬಂದ ದಿನವನ್ನು ಅದರ ಮೇಲೇ ಬರೆದಿಡಿ. ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಗುಡಿಸಲಿನ ಫೋಟೋ ಸೇರಿಸಿ. ಮುಂಬಯಿ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1985ರ ತೀರ್ಪನ್ನು ಎಲ್ಲರೂ ಅರ್ಧವೇ ಹೇಳುತ್ತಾರೆ: ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಎಂದದ್ದು ನಿಜ, ಕ್ರಮಬದ್ಧವಾಗಿ ತೆರವು ಮಾಡಬಹುದು ಎಂದದ್ದೂ ನಿಜ. ಹಾಗಾಗಿ ನೋಟಿಸಿನ ಕ್ರಮದಲ್ಲಿ ಏನು ತಪ್ಪಿದೆ ಎಂಬುದನ್ನೇ ಹಿಡಿಯಿರಿ.

ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯಾಗಿ ಒಂದು ವರ್ಷದೊಳಗೆ ದೂರಬಹುದು, ಖರ್ಚಿಲ್ಲ. ಆದರೆ ಅದು ಶಿಫಾರಸು ಮಾಡುತ್ತದಷ್ಟೆ. ನಾಳೆ ಬರುವ ಜೆಸಿಬಿ ನಿಲ್ಲಿಸಲು ಕೋರ್ಟಿನ ತಡೆಯಾಜ್ಞೆಯೇ ಬೇಕು.

ಪ್ರಶ್ನೆ: ರೊಮಾ ಜನ ನಮ್ಮ ಲಂಬಾಣಿಗರೇ?
– ಓದುಗರು, ಸಂಡೂರು

ಉತ್ತರ: ಅವರ ನುಡಿಯ ಬೇರು ಭಾರತದ್ದು, ನೀರಿಗೆ ಅವರೂ ‘ಪಾನಿ’ ಎನ್ನುತ್ತಾರೆ. ಅಷ್ಟಕ್ಕೇ ಲಂಬಾಣಿಗರೇ ಎಂದುಬಿಡುವುದು ಅವಸರ.