ಕೊಡಗಿನ ಗೋಣಿಕೊಪ್ಪಲಿನ ನಮ್ಮ ಶಾಖೆಯಲ್ಲಿ 40 ಕಂಪ್ಯೂಟರ್ ಇವೆ, ಕಾನ್ಫಿಗರೇಷನ್ ಮ್ಯಾನೇಜರ್ (ಕಚೇರಿಯ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಬಳಸುತ್ತೇವೆ. ಬೆಂಗಳೂರಿನಿಂದ ಅಪ್‌ಡೇಟ್ ಬರುವಾಗ ಇಂಟರ್ನೆಟ್ ನಿಂತೇ ಹೋಗುತ್ತದೆ. ಏನು ಮಾಡಲಿ?

ಕಾನ್ಫಿಗರೇಷನ್ ಮ್ಯಾನೇಜರ್ ಬಳಸುತ್ತಿದ್ದೀರಿ, ಗೋಣಿಕೊಪ್ಪಲಿನಲ್ಲಿ 40 ಕಂಪ್ಯೂಟರ್ ಇವೆ ಎಂದಿದ್ದೀರಿ. ಹಾಗಾದರೆ ಶಾಖೆಯಲ್ಲೇ ಒಂದು ಡಿಸ್ಟ್ರಿಬ್ಯೂಷನ್ ಪಾಯಿಂಟ್ ಇಡಿ, ಅಂದರೆ ಅಪ್‌ಡೇಟ್ ಫೈಲ್‌ಗಳನ್ನು ಇಟ್ಟುಕೊಂಡು ಅಲ್ಲಿನ ಕಂಪ್ಯೂಟರ್‌ಗಳಿಗೆ ಹಂಚುವ ಯಂತ್ರ. 2 ಜಿಬಿ ಪ್ಯಾಕೇಜನ್ನು 40 ಕಂಪ್ಯೂಟರ್‌ಗಳೂ ಬೇರೆಬೇರೆಯಾಗಿ ಎಳೆದರೆ 80 ಜಿಬಿ ಆಯಿತಲ್ವಾ? ಪಾಯಿಂಟ್ ಇದ್ದರೆ ಬೆಂಗಳೂರಿನಿಂದ ಒಂದೇ ಸಲ ಬರುತ್ತದೆ, ಉಳಿದದ್ದು ಒಳಗಿನ ನೆಟ್‌ವರ್ಕ್‌ನಲ್ಲೇ ಮುಗಿಯುತ್ತದೆ.

ದುಬಾರಿ ಸರ್ವರ್ ಬೇಕಿಲ್ಲ. ಚಿಕ್ಕ ಶಾಖೆಗೆ ವಿಂಡೋಸ್ 11 ಇರುವ ಪಿಸಿ ಸಾಕು. ಬೆಂಗಳೂರಿನ ಮುಖ್ಯ ಸರ್ವರ್‌ನ ಕಂಪ್ಯೂಟರ್ ಅಕೌಂಟನ್ನು ಈ ಪಿಸಿಯ ಲೋಕಲ್ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರಿಸಿ, 445ನೇ ಪೋರ್ಟ್ ಸೇರಿ ಬೇಕಾದ ಪೋರ್ಟ್‌ಗಳನ್ನು ತೆರೆಯಿರಿ. ಆಮೇಲೆ ಕಾನ್ಫಿಗರೇಷನ್ ಮ್ಯಾನೇಜರ್ ಕನ್ಸೋಲ್‌ನಿಂದ ಅದಕ್ಕೆ ಡಿಸ್ಟ್ರಿಬ್ಯೂಷನ್ ಪಾಯಿಂಟ್ ರೋಲ್ ಹಾಕಿ.

ಜಾಸ್ತಿ ಜನ ಎಡವುವುದು ಬೌಂಡರಿ ಗ್ರೂಪ್‌ನಲ್ಲಿ, ಅಂದರೆ ಯಾವ ಕಂಪ್ಯೂಟರ್‌ಗಳು ಯಾವ ಪಾಯಿಂಟಿನಿಂದ ಫೈಲ್ ತಗೊಳ್ಳಬೇಕು ಎಂದು ಹೇಳುವ ಗುಂಪು. ನಾನೂ ಮಡಿಕೇರಿಯಲ್ಲಿ ಮೊದಲ ಸಲ ಇದನ್ನೇ ಮರೆತಿದ್ದೆ. ಪಾಯಿಂಟ್ ಹಸಿರು ತೋರಿಸುತ್ತಿತ್ತು, ಆದರೆ ಕಂಪ್ಯೂಟರ್‌ಗಳು ಬೆಂಗಳೂರಿಗೇ ಹೋಗುತ್ತಿದ್ದವು. ಶಾಖೆಯ ಐಪಿ ರೇಂಜ್ ಅನ್ನು ಬೌಂಡರಿಯಾಗಿ ಮಾಡಿ, ಗ್ರೂಪಿಗೆ ಸೇರಿಸಿ, ಆ ಗ್ರೂಪಿಗೆ ಹೊಸ ಪಾಯಿಂಟನ್ನು ಜೋಡಿಸಿ. ಹಳೇ ಗ್ರೂಪಿನಲ್ಲಿ ಅದೇ ರೇಂಜ್ ಉಳಿದಿದ್ದರೆ ತೆಗೆದುಬಿಡಿ.

ಬೆಂಗಳೂರಿನಿಂದ ಬರುವ ವೇಗಕ್ಕೆ ಮಿತಿ ಹಾಕಲು ಪಾಯಿಂಟಿನ ಪ್ರಾಪರ್ಟೀಸ್‌ನಲ್ಲಿ ರೇಟ್ ಲಿಮಿಟ್ಸ್ ಇದೆ. ಹಗಲು ಕಡಿಮೆ, ರಾತ್ರಿ ಪೂರ್ತಿ ಕೊಡಿ. ಪುಲ್ ಪಾಯಿಂಟ್ (ಬೇರೆ ಪಾಯಿಂಟಿನಿಂದ ಫೈಲ್‌ಗಳನ್ನು ತಾನೇ ಎಳೆದುಕೊಳ್ಳುವ ಬಗೆ) ಮಾಡಿದರೆ ಈ ಸೌಲಭ್ಯ ಇರುವುದಿಲ್ಲ, ನೆನಪಿರಲಿ.

ಮಳೆಗಾಲದ ಮಾತು ಬೇರೆ. ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕಾಯಬೇಕಾಗುತ್ತದೆ. ದೊಡ್ಡ ಪ್ಯಾಕೇಜ್‌ಗಳನ್ನು ಪ್ರೀಸ್ಟೇಜ್ಡ್ ಫೈಲ್ (ನೆಟ್‌ವರ್ಕ್ ಇಲ್ಲದೆ ಒಯ್ಯಲು ಕಟ್ಟಿಟ್ಟ ಫೈಲ್) ಮಾಡಿ ಹಾರ್ಡ್ ಡಿಸ್ಕಿನಲ್ಲಿ ಬಸ್ಸಿಗೆ ಬರುವವರ ಕೈಲಿ ಕಳಿಸಿ, ಅಲ್ಲೇ ಪಾಯಿಂಟಿನಲ್ಲಿ ಎಕ್ಸ್‌ಟ್ರಾಕ್ಟ್ ಮಾಡಿಸಿ. ಪಿಸಿಗೆ ಒಳ್ಳೆ ಯುಪಿಎಸ್ ಮಾತ್ರ ತಪ್ಪದೇ ಹಾಕಿಸಿ.